ನಿಮ್ಮ ಸರ್ವೆ ನಂಬರಿನಿಂದ ಒಂದಿಷ್ಟು ಹೊರಗೆ ಬನ್ನಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಂಧುಗಳೇ,

ಜಮೀನಿನ ಮಾತು ಬಂದರೆ ನಮ್ಮೂರ ಹುಡುಗರು ಈಗ ಮೊದಲು ತೆಗೆಯುವುದು ದಿಶಾಂಕ್ ಎಂಬ ನಕ್ಷೆಯ ಆ್ಯಪ್. ನಿಂತಲ್ಲೇ ಮೊಬೈಲ್ ಹಿಡಿದು, ಇದು ಯಾವ ಸರ್ವೆ ನಂಬರು, ಪಕ್ಕದ್ದು ಗೋಮಾಳವೋ ಖರಾಬೋ ಎಂದು ನೋಡಿಬಿಡುತ್ತಾರೆ. ಹಿಂದೆ ಇಷ್ಟಕ್ಕೇ ಸರ್ವೆ ಆಫೀಸಿಗೆ ನಾಲ್ಕು ಸಲ ಅಲೆಯಬೇಕಿತ್ತು. ಈ ಅನುಕೂಲ ಮಾಡಿಕೊಟ್ಟದ್ದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಉಪಗ್ರಹದ ಚಿತ್ರಗಳನ್ನು ನಾಡಿನ ಕೆಲಸಕ್ಕೆ ಬಳಸಬೇಕೆಂದು 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು.

ಆದರೆ ಆ ನಕ್ಷೆಯನ್ನು ನಾವು ತೆಗೆಯುವುದು ನಮ್ಮ ಬದು ನೋಡಿಕೊಳ್ಳುವುದಕ್ಕೆ. ಬದು ಸರಿಯಿದ್ದರೆ ಮೊಬೈಲ್ ಜೇಬಿಗೆ. ನನ್ನ ಕೋರಿಕೆ ಇಲ್ಲಿಂದ ಶುರುವಾಗುತ್ತದೆ. ಜೇಬಿಗೆ ಹಾಕುವ ಮೊದಲು ಆ ನಕ್ಷೆಯನ್ನು ಬೆರಳಲ್ಲಿ ಕಿರಿದು ಮಾಡುತ್ತಾ ಹೋಗಿ. ಬದು ಕರಗಿ ಊರು ಕಾಣುತ್ತದೆ, ಊರು ಕರಗಿ ಹೋಬಳಿ. ಆಮೇಲೆ ದೇವರಾಯನದುರ್ಗದ ಕಡೆಯಿಂದ ಇಳಿದು ಬರುವ ಜಯಮಂಗಲಿ, ಅದು ಹೋಗಿ ಸೇರುವ ಉತ್ತರ ಪಿನಾಕಿನಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗಬೇಕಾದರೆ ನಾವು ಆಂಧ್ರದ ನೆಲ ದಾಟಿಯೇ ಹೋಗಬೇಕು. ಹಳ್ಳಕ್ಕೂ ಮೋಡಕ್ಕೂ ಆ ಗಡಿಯ ಗೊಡವೆಯಿಲ್ಲ. ಒಂದು ತುಂಡು ನೆಲವಾಗಿ ನಮ್ಮ ಸೀಮೆಯನ್ನು ನಾವು ಯಾವತ್ತಾದರೂ ನೋಡಿದ್ದೇವೆಯೇ?

ಈಗಲೇ ನೋಡಬೇಕು ಎನ್ನುವುದಕ್ಕೆ ಕಾರಣವಿದೆ. ಒಂದೇ ತಲೆಮಾರಿನಲ್ಲಿ ಈ ನೆಲವನ್ನು ಇಷ್ಟು ಜನ ಇಷ್ಟು ಕಡೆಯಿಂದ ಕೇಳಿದ್ದು ಹಿಂದೆ ಎಂದೂ ಇರಲಿಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಶಿರಾದಲ್ಲಿ ಹೆದ್ದಾರಿಯ ಎರಡೂ ಬದಿ ನಿವೇಶನಗಳಾಗುತ್ತಿವೆ. ಗುಡ್ಡಗಳಿಗೆ ಕ್ವಾರಿ ಬಂದಿದೆ. ಎತ್ತಿನಹೊಳೆ ಕೊರಟಗೆರೆ, ಮಧುಗಿರಿಗೆ, ಭದ್ರಾ ಮೇಲ್ದಂಡೆ ಶಿರಾ, ಪಾವಗಡಕ್ಕೆ ಎಂಬ ಮಾತಿಗೇ, ನೀರು ಬರುವ ಮೊದಲೇ, ಜಮೀನು ಕೈ ಬದಲಾಯಿಸುತ್ತಿದೆ. ಒಂದೊಂದನ್ನೂ ಒಂದೊಂದು ಇಲಾಖೆ ನೋಡುತ್ತದೆ. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡುವವರು ಯಾರು? ಇಲ್ಲಿ ಬದುಕುವ ನಾವೇ ನೋಡಬೇಕು. ಅದಕ್ಕೆ ಬೇಕಾದ ಹಾಳೆ ಆಕಾಶದಲ್ಲಿ ಐವತ್ತು ವರ್ಷದಿಂದ ತಯಾರಾಗುತ್ತಲೇ ಇದೆ.

ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ನಮ್ಮ ದೇಶದ ಐಆರ್‌ಎಸ್-1ಎ 1988ರಲ್ಲಿ. ಲ್ಯಾಂಡ್‌ಸ್ಯಾಟ್‌ನ ಹಳೆಯ ಚಿತ್ರಗಳನ್ನು 2008ರಿಂದ ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಎಂಬತ್ತರ ದಶಕದಿಂದ ಈಚಿನ ಆ ಚಿತ್ರಗಳಲ್ಲಿ ಒಂದು ಚೌಕವೆಂದರೆ ನೆಲದ ಮೇಲೆ ಮೂವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. 2015ರಿಂದ ಬರುತ್ತಿರುವ ಸೆಂಟಿನೆಲ್-2ರ ಚೌಕ ಹತ್ತು ಮೀಟರಿನದು. ಅದು ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ! ಕೆಲವು ದಿನಗಳಿಗೊಮ್ಮೆ ನಮ್ಮ ಸೀಮೆಯ ಪ್ರತಿ ಗುಂಟೆಯ ಚಿತ್ರ ಬರುತ್ತಿದೆ, ನಾವು ಮಾತ್ರ ತೆಗೆದು ನೋಡಿಲ್ಲ.

ನೋಡುವುದಕ್ಕೂ ಒಂದು ಹದವಿದೆ. ಕಳೆದ ಬೇಸಿಗೆಯಲ್ಲಿ ಇಂಥದೊಂದು ಚಿತ್ರವನ್ನು ಕುರಿ ಸಾಕುವ ಹಟ್ಟಿಯ ಹಿರಿಯರೊಬ್ಬರ ಮುಂದಿಟ್ಟೆ. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ; ಆ ಎರಡರ ವ್ಯತ್ಯಾಸದಿಂದಲೇ ಉಪಗ್ರಹ ಗಿಡಮರಗಳನ್ನು ಗುರುತಿಸುವುದು. ಏಪ್ರಿಲ್ ತಿಂಗಳ ಚಿತ್ರ. ಸುತ್ತ ಕಂದು, ನಡುವೆ ಕೆರೆಯಂಗಳ ಮಾತ್ರ ದಟ್ಟ ಹಸಿರು. ಚೆನ್ನಾಗಿದೆ ಎಂದುಕೊಂಡಿದ್ದೆ.

“ಅದು ಬಳ್ಳಾರಿ ಜಾಲಿ ಕಣಪ್ಪ,” ಅಂದರು ತಾತ. “ಅದು ಬಂದ್ಮೇಲೆ ಕೆರೆ ತುಂಬಿದ್ದೇ ನೋಡಿಲ್ಲ ನಾನು.” ಆಮೇಲೆ ಪಕ್ಕದ ಹಸಿರು ಪಟ್ಟಿಯ ಮೇಲೆ ಬೆರಳಿಟ್ಟು, “ಇದು ಅಡಿಕೆ. ಇದಕ್ಕೆ ಎಷ್ಟು ಬೋರು ಕೊರೆಸವ್ರೆ ಗೊತ್ತಾ?” ಎಂದು ಕೇಳಿದರು.

ಅವತ್ತಿನಿಂದ ನನಗೆ ಈ ಚಿತ್ರಗಳನ್ನು ಓದುವ ಬಗೆಯೇ ಬದಲಾಯಿತು. ಬೇಸಿಗೆಯ ಹಸಿರೆಲ್ಲ ಸಮೃದ್ಧಿಯಲ್ಲ. ಮಳೆಯಿಲ್ಲದ ತಿಂಗಳಲ್ಲಿ ಕಾಣುವ ಹಸಿರು, ಕೆರೆ ತುಂಬಿಲ್ಲದ ವರ್ಷ, ಬಹುಪಾಲು ಬೋರ್‌ವೆಲ್ಲಿನ ನೀರು. ವರ್ಷ ವರ್ಷದ ಏಪ್ರಿಲ್ ಚಿತ್ರಗಳನ್ನು ಸಾಲಾಗಿ ಇಟ್ಟರೆ, ಅಂತರ್ಜಲವನ್ನು ಎಲ್ಲಿಂದ ಮೇಲೆತ್ತುತ್ತಿದ್ದೇವೆ ಎಂಬುದರ ಲೆಕ್ಕ ಸಿಗುತ್ತದೆ. ಪಾವಗಡದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳದ ನೀರು ಫ್ಲೋರೈಡ್ ಆಗಿ ಹಲ್ಲಿನ ಮೇಲೆ, ಮೂಳೆಯ ಮೇಲೆ ಬರೆದದ್ದನ್ನು ಅವರು ಎರಡು ತಲೆಮಾರಿನಿಂದ ಓದುತ್ತಿದ್ದಾರೆ.

ನಕ್ಷೆಯ ಇನ್ನೊಂದು ತಪ್ಪು ಇನ್ನೂ ದೊಡ್ಡದು. ಮರವಿಲ್ಲದ, ಬೆಳೆಯಿಲ್ಲದ ಬಯಲನ್ನು ಆಕಾಶದಿಂದ ನೋಡಿದವರು ‘ಪಾಳುಭೂಮಿ’ ಎಂದು ಬರೆದುಬಿಡುತ್ತಾರೆ. ದೇಶದ ಪಾಳುಭೂಮಿಗಳ ಅಟ್ಲಾಸ್ ಎಂಬ ಪುಸ್ತಕವೇ 2000ದಿಂದ ಬರುತ್ತಿದೆ. ಕುರುಚಲು ಕಾಡು, ಹುಲ್ಲುಗಾವಲುಗಳ ಎಷ್ಟೋ ನೆಲ ಅದರ ಲೆಕ್ಕದಲ್ಲಿ ಸೇರಿದೆ. ಮೈದನಹಳ್ಳಿಯ ಬಯಲನ್ನು ನೆನೆಸಿಕೊಳ್ಳಿ. ಮಧುಗಿರಿ ತಾಲ್ಲೂಕಿನ ಆ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಹಾಗಾಗದೆ ಉಳಿದಿದ್ದರೆ ಅದೂ ಯಾವುದೋ ಕಡತದಲ್ಲಿ ‘ಖಾಲಿ ಜಾಗ’ವಾಗಿರುತ್ತಿತ್ತು. ಶಿರಾ ಕಡೆಯ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾದದ್ದೂ ಜನ ಅಲ್ಲಿ ಹೋಗಿ ಕಣ್ಣಾರೆ ನೋಡಿ ದಾಖಲಿಸಿದ ಮೇಲೆ. ಇನ್ನು ಮೈದನಹಳ್ಳಿಯ ಜಿಂಕೆಗಳು 798 ಎಕರೆಯ ಗೆರೆ ನೋಡಿಕೊಂಡು ಮೇಯುವುದಿಲ್ಲ. ಸುತ್ತಲಿನ ರಾಗಿ ಹೊಲಕ್ಕೂ ಕಡಲೆಕಾಯಿ ಹೊಲಕ್ಕೂ ಬರುತ್ತವೆ. ಆ ಹೊಲಗಳಿಗೆ ನಾಳೆ ಬೇಲಿ ಬಂದರೆ ಒಳಗಿನ ಬಯಲು ಇದ್ದೂ ಇಲ್ಲದಂತೆ. ಕಗ್ಗಲಡುವಿನ ಬಣ್ಣದ ಕೊಕ್ಕರೆಗಳ ಕಥೆಯೂ ಇದೇ. ಗೂಡು ಊರೊಳಗಿನ ಹುಣಸೆಮರದಲ್ಲಿ, ಮರಿಗೆ ಮೀನು ಮೈಲಿಗಟ್ಟಲೆ ಆಚೆಯ ಕೆರೆಗಳಲ್ಲಿ. ಮರ ಉಳಿಸಿ ಕೆರೆ ಬಿಟ್ಟರೆ ಪ್ರಯೋಜನವಿಲ್ಲ.

ಪಾವಗಡದ ಸೋಲಾರ್ ಪಾರ್ಕ್ ವಿಷಯ ಎತ್ತಲೇಬೇಕು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಸುವುದು, ಒಳ್ಳೆಯ ಏರ್ಪಾಡೇ. ಮಳೆ ನಂಬಿ ಸಾಲಗಾರರಾಗಿದ್ದ ಎಷ್ಟೋ ಮನೆಗಳಿಗೆ ಅದು ಆಸರೆಯಾಗಿದೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಪಹಣಿಯಲ್ಲಿ ಹೆಸರಿದ್ದವರಿಗೆ ಗುತ್ತಿಗೆ ಹಣ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸಿಗೆ, ಕೊಯ್ಲಾದ ಮೇಲೆ ಅಲ್ಲಿ ಕುರಿ ಬಿಡುತ್ತಿದ್ದವನಿಗೆ ಪಹಣಿಯಲ್ಲಿ ಕಾಲಂ ಇಲ್ಲ. ಅವರ ಬದುಕನ್ನೂ ಒಂದು ಪದರವಾಗಿ ನಕ್ಷೆಯ ಮೇಲೆ ಮೊದಲೇ ಹಾಸಿದ್ದರೆ, ಕುರಿ ಓಡಾಡುವ ದಾರಿಯನ್ನು ಬಿಟ್ಟು, ಹಳ್ಳದ ಅಂಚನ್ನು ಬಿಟ್ಟು ಫಲಕ ಕೂರಿಸುವ ಮಾತು ಅಂದೇ ಆಡಬಹುದಿತ್ತು. ಮುಂದೆ ಇಂಥ ಗುತ್ತಿಗೆಯ ಕಾಗದ ನಿಮ್ಮೂರಿಗೆ ಬಂದಾಗ ದಯವಿಟ್ಟು ಎಕರೆಗೆ ಎಷ್ಟು ಎಂದು ಕೇಳುವ ಮೊದಲು, ಸುತ್ತಲಿನ ನಕ್ಷೆ ತೋರಿಸಿ ಎಂದು ಕೇಳಿ.

ಮುಂದೇನಾಗಬಹುದು ಎಂದು ಲೆಕ್ಕ ಹಾಕುವ ವಿದ್ಯೆಯೂ ಬೆಳೆದಿದೆ. ಕೇಳುವುದಕ್ಕೆ ಕಷ್ಟವೆನಿಸಿದರೂ ಒಳಗಿನ ತಿರುಳು ನಮಗೆ ಗೊತ್ತಿರುವುದೇ. ಕೆರೆಯಂಗಳದಲ್ಲಿ ಜಾಲಿ ಹೇಗೆ ಹಬ್ಬುತ್ತದೆ? ಪಕ್ಕದಲ್ಲಿ ಜಾಲಿ ಬಂದರೆ ಇಲ್ಲೂ ಬರುತ್ತದೆ. ನೆಲವೂ ಹಾಗೆಯೇ. ಎರಡು ಕಾಲದ ನಕ್ಷೆಗಳನ್ನು ಜೋಡಿಸಿ, ಗೋಮಾಳದ ಎಷ್ಟು ಚೌಕ ತೋಟವಾಯಿತು, ತೋಟದ ಎಷ್ಟು ಚೌಕ ಲೇಔಟ್ ಆಯಿತು ಎಂದು ಎಣಿಸುತ್ತಾರೆ. ಪಕ್ಕದ ಚೌಕದಲ್ಲಿ ಏನಿದೆ, ರಸ್ತೆ ಎಷ್ಟು ದೂರ, ಇಳಿಜಾರು ಎಷ್ಟು ಎಂಬುದನ್ನು ಸೇರಿಸುತ್ತಾರೆ. ಮೊದಲು ಹಳೆಯ ಚಿತ್ರಗಳಿಂದ ಈಗಿನ ವರ್ಷವನ್ನು ಊಹಿಸಿ, ನಿಜಕ್ಕೆ ಎಷ್ಟು ಹತ್ತಿರ ಬಂತು ಎಂದು ಪರೀಕ್ಷಿಸುತ್ತಾರೆ. ಹೊಂದಿದರೆ ಹತ್ತು ವರ್ಷ ಮುಂದಕ್ಕೆ ಓಡಿಸುತ್ತಾರೆ. ಇಲ್ಲಿ ಬೈಪಾಸ್ ಬಂದರೆ ಏನು, ಈ ಗೋಮಾಳವನ್ನು ಮುಟ್ಟದೆ ಬಿಟ್ಟರೆ ಏನು ಎಂದು ಕೇಳಿ ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 1973ರಿಂದ 2013ರವರೆಗಿನ ಚಿತ್ರಗಳನ್ನಿಟ್ಟುಕೊಂಡು ಬೆಂಗಳೂರಿನ ಸಸ್ಯಹೊದಿಕೆಯಲ್ಲಿ ನೂರಕ್ಕೆ 78, ಜಲಮೂಲಗಳಲ್ಲಿ 79 ಪಾಲು ಹೋಯಿತೆಂದು ಎಣಿಸಿ ತೋರಿಸಿತು. ಆ ಲೆಕ್ಕ ಓದುವಾಗ ನನ್ನನ್ನು ಕಾಡಿದ್ದು ಒಂದೇ: ಬೆಂಗಳೂರಿಗೆ ಅದು ಹೋದದ್ದರ ಲೆಕ್ಕವಾಯಿತು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅದನ್ನು ಇರುವುದರ ಲೆಕ್ಕವಾಗಿ ಮಾಡಿಕೊಳ್ಳುವ ಅವಕಾಶ ಇನ್ನೂ ಇದೆ.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ತುಮಕೂರೂ ಒಂದು. ಕೆಲಸ ಹೇಗೆ ನಡೆದಿದೆ ಎಂದು ಉಪಗ್ರಹ ಚಿತ್ರಗಳಿಂದಲೇ ತೂಗಿ ನೋಡಲಾಗಿತ್ತು. ಅದರ ಮೂರನೆಯ ಹಂತದಲ್ಲಿ ಮಣ್ಣಿನ ಗುಂಡಿ ತೆಗೆದು, ಆಳ, ಇಳಿಜಾರು, ಕಲ್ಲು ಎಲ್ಲ ನೋಡಿ, ಹೊಲ ಹೊಲಕ್ಕೂ ಯಾವ ಬೆಳೆ ಒಗ್ಗುತ್ತದೆ ಎಂದು ನಕ್ಷೆ ಮಾಡಿದರು. ಅಳತೆ ಇಂಚಿಗೆ ಒಂದು ಫರ್ಲಾಂಗು, ಶ್ಯಾನುಭೋಗರ ಕಾಲದ ಗ್ರಾಮ ನಕಾಶೆಯ ಅಳತೆಯೇ. ನಿಮ್ಮೂರು ಅದರಲ್ಲಿದ್ದರೆ ಆ ನಕ್ಷೆ ಇಲಾಖೆಯಲ್ಲಿ ಇರಲೇಬೇಕು. ಕೇಳಿ ತರಿಸಿಕೊಳ್ಳಿ. ಅದು ನಮ್ಮ ದುಡ್ಡಿನಲ್ಲಿ ಆದದ್ದು.

ಪಂಚಾಯಿತಿ ಸದಸ್ಯರಲ್ಲಿ, ಪಿಡಿಒಗಳಲ್ಲಿ ನನ್ನ ಪ್ರಾರ್ಥನೆ: ‘ನಮ್ಮ ಗ್ರಾಮ ನಮ್ಮ ಯೋಜನೆ’ ಬರೆಯುವಾಗ ಚರಂಡಿ, ಸಿಸಿ ರಸ್ತೆಗಳ ಪಟ್ಟಿ ಓದುವ ಮೊದಲು ಗೋಡೆಗೆ ಊರಿನ ಉಪಗ್ರಹ ಚಿತ್ರವನ್ನು ಅಂಟಿಸಿ. ಇಸ್ರೋದ ಭುವನ್‌ನಲ್ಲಿ ಪಂಚಾಯಿತಿಗಳಿಗೆಂದೇ ಪುಟವಿದೆ. ನಮ್ಮ ಪದವಿ ಕಾಲೇಜುಗಳ ಭೂಗೋಳದ ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿಗಳನ್ನು ಮೊಬೈಲ್ ಹಿಡಿಸಿ ಒಂದೊಂದು ಹೋಬಳಿಗೆ ಕಳಿಸಿ. ಆಕಾಶದ ಚಿತ್ರದಲ್ಲಿ ಹಸಿರಿರುವುದು ಬೇವೋ ಜಾಲಿಯೋ ಅಡಿಕೆಯೋ, ಬೂದಿ ಬಣ್ಣದ್ದು ಬಂಡೆಯೋ ಹುಲ್ಲೋ ಎಂದು ನೆಲದ ಮೇಲೆ ನಿಂತು ಗುರುತು ಹಾಕಿಸಿ. ಆ ಕೆಲಸವಾಗದಿದ್ದರೆ ಎಂಥ ದೊಡ್ಡ ಕಂಪ್ಯೂಟರಿನ ಲೆಕ್ಕವೂ ಕುರುಡು.

ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಅಕ್ಟೋಬರ್ 2ರಿಂದ ಶುರುವಾಗುತ್ತವೆ. ಚಿತ್ರವನ್ನು ಅಂಟಿಸಿದ ದಿನ ಒಂದು ಪೆನ್ಸಿಲನ್ನೂ ಇಡಿ. ನನ್ನ ಹಟ್ಟಿಯ ತಾತನಂಥವರನ್ನು, ಹುಲ್ಲು ತರಲು, ಸೌದೆ ತರಲು ದಿನಾ ಅಲೆಯುವ ತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಗೆರೆಯನ್ನು ಅವರ ಕೈಯಲ್ಲಿ ಎಳೆಸಿ: ಹಿಂದೆ ಹಳ್ಳ ಎಲ್ಲಿ ಹರಿಯುತ್ತಿತ್ತು, ಕುರಿ ಈಗಲೂ ಯಾವ ದಾರಿಯಲ್ಲಿ ಹೋಗುತ್ತದೆ, ಯಾವ ಕುಂಟೆಯಲ್ಲಿ ನೀರು ಕೊನೆಗೆ ಆರುತ್ತದೆ. ಆ ಹಾಳೆಗೆ ಸಭೆಯ ನಡಾವಳಿಯಲ್ಲಿ ನಂಬರು ಹಾಕಿಸಿ, ಒಂದು ಪ್ರತಿ ತಾಲ್ಲೂಕು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.