ಹದಿನೆಂಟು ತುಂಬಿದವರ ದೇವರು ಯಾರ ಉಸಾಬರಿ?

ಕಲಾಸಿಪಾಳ್ಯದ ಖಾಸಗಿ ಬಸ್ಸುಗಳ ಗದ್ದಲದಿಂದ ಹೊರಬಿದ್ದು ಜೆ.ಸಿ. ರಸ್ತೆ ದಾಟಿ ಪೂರ್ವಕ್ಕೆ ನಡೆದರೆ ಮಿಷನ್ ರಸ್ತೆ ಸಿಗುತ್ತದೆ. ಅಲ್ಲಿನ ಸಿಎಸ್‌ಐ ಕಾಂಪೌಂಡಿನಲ್ಲಿ ವಿದ್ಯಾರ್ಥಿ ಕ್ರೈಸ್ತ ಚಳವಳಿ, ಅಂದರೆ ಎಸ್‌ಸಿಎಂ, ತನ್ನ ರಾಷ್ಟ್ರೀಯ ಕಚೇರಿ ಇಟ್ಟುಕೊಂಡಿದೆ. 1912ರಲ್ಲಿ ಹುಟ್ಟಿದ ಸಂಘಟನೆ ಅದು. ಕಾಲೇಜು ಮಕ್ಕಳ ನಡುವಿನ ಕ್ರೈಸ್ತ ಸೇವೆ ನಿನ್ನೆ ಮೊನ್ನೆ ತಲೆಯೆತ್ತಿದ ಸಂಚು ಎಂದು ಭಾಷಣ ಬಿಗಿಯುವವರು ಒಮ್ಮೆ ಈ ವಿಳಾಸ ನೋಡಿಕೊಂಡು ಬರುವುದು ಒಳ್ಳೆಯದು.

ಆ ಸೇವೆ ಒಂದೇ ಬಗೆಯದೂ ಅಲ್ಲ. ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆ 1924ರಿಂದ ಎಐಸಿಯುಎಫ್ ಇದೆ. ಬೈಬಲ್ ಅಧ್ಯಯನ ಮತ್ತು ಸಾಕ್ಷಿಯೇ ಮುಖ್ಯ ಎನ್ನುವ ಯುಇಎಸ್‌ಐ 1954ರಲ್ಲಿ ಶುರುವಾಯಿತು. ಎಸ್‌ಸಿಎಂ ಬಳಗಕ್ಕೆ ಸಾಮಾಜಿಕ ನ್ಯಾಯದ ಮಾತು ಹೆಚ್ಚು ಹತ್ತಿರ. ಸುವಾರ್ತೆ ಸಾರುವುದು ದೊಡ್ಡದೋ, ಸಮಾಜ ತಿದ್ದುವುದು ದೊಡ್ಡದೋ ಎಂಬ ಜಗಳದಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳು 1910ರಲ್ಲೇ ಬೇರೆ ಮನೆ ಮಾಡಿದ್ದರು. ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದಲ್ಲಿ ದುಡಿದ ಎಂ.ಎಂ. ಥಾಮಸ್ ಬೆಂಗಳೂರಿನಲ್ಲೇ ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯನ್ನು ನಡೆಸಿದರು, ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ಟೀಕಿಸಿದರು, ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು. ಇವರನ್ನೆಲ್ಲ ಒಟ್ಟು ಸೇರಿಸಿ ‘ಮತಾಂತರ ದಂಧೆ’ ಎಂಬ ಒಂದೇ ಚೀಟಿ ಅಂಟಿಸುವುದು ಸುಲಭ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಂಡನೆಯಾದ ಮತಾಂತರ ನಿಷೇಧ ಮಸೂದೆ ಆ ಚೀಟಿಗೆ ಸರ್ಕಾರಿ ಮೊಹರು ಒತ್ತಿತು.

2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ. ಒಳಗಿನ ಸರಕು ಏನೆಂದು ತಿಳಿಯಲು ಚಾಮರಾಜಪೇಟೆಯಿಂದ ಬಸ್ಸು ಹತ್ತಿ ಕಾಲೇಜಿಗೆ ಹೋಗುವ, ಹತ್ತೊಂಬತ್ತು ವರ್ಷದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಂಡರೆ ಸಾಕು. ಗೆಳತಿಯ ಜತೆ ಪ್ರಾರ್ಥನಾ ಕೂಟಕ್ಕೆ ಹೋಗಿ, ಓದಿ, ವಾದ ಮಾಡಿ, ದೀಕ್ಷಾಸ್ನಾನ ಬೇಕೆಂದು ಅವಳು ತೀರ್ಮಾನಿಸಿದಳು ಎನ್ನೋಣ. ಮೂವತ್ತು ದಿನ ಮೊದಲೇ ಅವಳು ಜಿಲ್ಲಾಧಿಕಾರಿ ಕಚೇರಿಗೆ ಘೋಷಣೆ ಸಲ್ಲಿಸಬೇಕು. ಅದನ್ನು ಸೂಚನಾ ಫಲಕಕ್ಕೆ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ಆಕ್ಷೇಪ ಬಂದರೆ ಅಧಿಕಾರಿಗಳು ವಿಚಾರಣೆಗೆ ಬರುತ್ತಾರೆ. ಸ್ನಾನವಾದ ಮೇಲೆ ಇನ್ನೊಂದು ಘೋಷಣೆ: ಹುಟ್ಟಿದ ದಿನ, ವಿಳಾಸ, ತಂದೆಯ ಹೆಸರು, ಬಿಟ್ಟ ಧರ್ಮ, ಸೇರಿದ ಧರ್ಮ. ಅದೂ ಫಲಕಕ್ಕೇ. ಅವಳ ಮನಸ್ಸಿನ ಮಾತು ಮನೆಯವರಿಗೆ ತಿಳಿಯುವ ಮೊದಲು ಆ ಕಚೇರಿಯಿರುವ ಕೆ.ಜಿ. ರಸ್ತೆಯಲ್ಲಿ ಸ್ಟಾಂಪ್ ಪೇಪರ್ ಕೊಳ್ಳಲು ಬಂದವರಿಗೆಲ್ಲ ತಿಳಿದಿರುತ್ತದೆ.

ಅವಳು ಬಲವಂತಕ್ಕೆ ಒಳಗಾದಳು ಎಂದು ದೂರು ಕೊಡಲು ಅವಳೇ ಬರಬೇಕಿಲ್ಲ. ಅಪ್ಪ, ಅಮ್ಮ, ಅಣ್ಣ, ನೆಂಟರು, ಕಡೆಗೆ ಸಹೋದ್ಯೋಗಿ ಅಥವಾ ಯಾವುದೇ ರೀತಿಯ ಒಡನಾಟವಿದ್ದವರು ಕೊಟ್ಟರೂ ನಡೆಯುತ್ತದೆ. ಹಿಂದಿನ ಬೆಂಚಿನವನಿಗೂ ಬಾಗಿಲು ತೆರೆದಿದೆ. ಬಲವಂತ ನಡೆದಿಲ್ಲವೆಂದು ರುಜುವಾತು ಮಾಡುವ ಹೊಣೆ ಆರೋಪಿಯ ತಲೆಗೆ. ಸಾಮಾನ್ಯ ಪ್ರಕರಣದಲ್ಲಿ ಮೂರರಿಂದ ಐದು ವರ್ಷ ಜೈಲು. ಮತ ಬದಲಿಸಿದವರು ಹೆಣ್ಣಾದರೆ, ಪರಿಶಿಷ್ಟರಾದರೆ, ಅಪ್ರಾಪ್ತರಾದರೆ, ಬುದ್ಧಿ ಸ್ಥಿಮಿತವಿಲ್ಲದವರಾದರೆ ಹತ್ತು ವರ್ಷದವರೆಗೆ. ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳನ್ನು ನೋಡುವ ವೈದ್ಯ ವಿದ್ಯಾರ್ಥಿನಿಯನ್ನೂ ಎಳೆಗೂಸನ್ನೂ ಈ ಕಾನೂನು ಒಂದೇ ಸಾಲಿನಲ್ಲಿ ಕೂರಿಸಿತು. ‘ಹಿಂದಿನ ಧರ್ಮಕ್ಕೆ’ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ. ಒಂದು ದಿಕ್ಕಿಗೆ ಸುಂಕದ ಕಟ್ಟೆ, ಇನ್ನೊಂದು ದಿಕ್ಕಿಗೆ ಹೆದ್ದಾರಿ.

ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದ ದೇಶವಿದು. ಸರ್ಕಾರವನ್ನು ಬೀಳಿಸಬಲ್ಲವರಿಗೆ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಬಂದಿಲ್ಲವೆಂದರೆ ಯಾರು ನಂಬಬೇಕು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮುಂಚಿತವಾಗಿ ನೋಟಿಸು ಕೊಡಬೇಕೆಂಬ ಇಂಥದೇ ನಿಯಮವನ್ನು ಹಿಮಾಚಲ ಪ್ರದೇಶದ ಹೈಕೋರ್ಟ್ 2012ರಲ್ಲೇ ಹೊಡೆದುಹಾಕಿತ್ತು. ಕೇರಳದ ಹಾದಿಯಾ ಹೋಮಿಯೋಪತಿ ಓದುವಾಗ ಇಸ್ಲಾಂ ಸೇರಿದವಳು. ಅವಳ ಮದುವೆಯನ್ನು ರದ್ದುಪಡಿಸಿದ್ದ ಹೈಕೋರ್ಟ್ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಕಾಯ್ದೆಯ ಪರವಾಗಿರುವವರು ಸುಪ್ರೀಂ ಕೋರ್ಟಿನ 1977ರ ಸ್ಟಾನಿಸ್ಲಾಸ್ ತೀರ್ಪನ್ನು ಎತ್ತುತ್ತಾರೆ. ಧರ್ಮಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಅದು ಹೇಳಿದ್ದು ನಿಜ. ತಾನಾಗಿ ಬದಲಾಗುವವಳ ಹಕ್ಕು ಬೇರೆಯೇ ಪ್ರಶ್ನೆ. ಆಮಿಷದ ವಾದವೂ ನೆಲದ ಮೇಲೆ ನಿಲ್ಲುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ತಪ್ಪುತ್ತದೆ. ಕರ್ನಾಟಕದಲ್ಲಿ ಅವರು ಪ್ರವರ್ಗ 1ಕ್ಕೆ ಸರಿಯುತ್ತಾರೆ. ಎಸ್‌ಸಿ ಕೋಟಾದ ಸೀಟು, ವಿದ್ಯಾರ್ಥಿವೇತನ ಕೈಬಿಡುವ ಹುಡುಗ ಯಾವ ಲಾಭಕ್ಕೆ ಬಾಯಿಬಿಟ್ಟನೆಂದು ಯಾರೂ ವಿವರಿಸುವುದಿಲ್ಲ. 2001ರ ಜನಗಣತಿಯಲ್ಲಿ ರಾಜ್ಯದ ಕ್ರೈಸ್ತರು ಶೇ 1.91, 2011ರಲ್ಲಿ ಶೇ 1.87. ಪ್ರವಾಹ ಬಂದಿದೆಯೆಂದು ಕೂಗಿದವರು ನದಿಯ ಮಟ್ಟ ಅಳೆದಿರಲಿಲ್ಲ.

ಎಳೆಯರಿಗೆ ಧರ್ಮ ಹೇಳುವುದೇ ತಪ್ಪೆಂದಾದರೆ ಮೊದಲು ಬೀಗ ಬೀಳಬೇಕಾದದ್ದು ಬಸವನಗುಡಿಗೆ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಡಿ.ವಿ.ಜಿ. ತರುಣರನ್ನು ಕೂರಿಸಿಕೊಂಡು ಗೀತೆ ಹೇಳಿದರು. ಅವರ ‘ಜೀವನಧರ್ಮಯೋಗ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠದಲ್ಲಿ ವಿವೇಕಾನಂದರನ್ನು ಓದಿ ಬದುಕಿನ ದಾರಿ ಬದಲಿಸಿದವರಿದ್ದಾರೆ. ಥಿಯಾಸಫಿಯ ಆನಿ ಬೆಸೆಂಟ್ 1917ರಲ್ಲಿ ತೆರೆದ ನ್ಯಾಷನಲ್ ಹೈಸ್ಕೂಲಿನಿಂದ ಮುಂದೆ ಬೆಳೆದ ನ್ಯಾಷನಲ್ ಕಾಲೇಜು ವಿಚಾರವಾದಿ ಎಚ್. ನರಸಿಂಹಯ್ಯನವರ ಕೈಯಲ್ಲಿ ಪ್ರಶ್ನೆ ಕೇಳುವವರ ಗರಡಿಯಾಯಿತು. ಹುಡುಗರು ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡಿಕೊಂಡೇ ಬೆಳೆದರು. ಆ ಸಾಲಿನಲ್ಲಿ ಚರ್ಚಿನ ಬಾಗಿಲಿಗೆ ಮಾತ್ರ ಪೊಲೀಸ್ ಕಾವಲು ಏಕೆ?

ಇಷ್ಟು ಹೇಳಿ ಕ್ರೈಸ್ತ ಸಂಸ್ಥೆಗಳ ಬೆನ್ನು ತಟ್ಟಿ ಎದ್ದುಹೋಗುವಂತಿಲ್ಲ. ತಕರಾರು ಅವರ ಅಂಗಳದಲ್ಲೂ ಇದೆ, ಅದಕ್ಕೆ ಹಳೆಯ ಚರಿತ್ರೆಯೂ ಇದೆ. 1844ರ ಜನವರಿಯಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಇಂಗ್ಲಿಷ್ ಶಾಲೆಯ ಮೂವರು ಬ್ರಾಹ್ಮಣ ತರುಣರು ದೀಕ್ಷೆ ಪಡೆದಾಗ ಊರಿಗೆ ಊರೇ ಕೆರಳಿತು. ಅವರಲ್ಲೊಬ್ಬ ಆನಂದರಾವ್ ಕೌಂಡಿನ್ಯ 1851ರಲ್ಲಿ ಪಾದ್ರಿಯಾಗಿ, ಕಡೆಯ ತನಕ ಅದೇ ದಾರಿಯಲ್ಲಿ ನಡೆದರು. ಹುಡುಗಾಟದ ಹುಮ್ಮಸ್ಸು ಹಾಗೆ ಬಾಳಿಕೆ ಬರುವುದಿಲ್ಲ. ಆದರೂ ಊರಿನ ಸಂಶಯಕ್ಕೆ ಆಧಾರವೇ ಇರಲಿಲ್ಲ ಎನ್ನುವುದು ಕಷ್ಟ: ಪಾಠ ಹೇಳಿದ ಶಾಲೆ, ದೀಕ್ಷೆ ಕೊಟ್ಟ ಮಿಷನ್ ಎರಡೂ ಒಂದೇ. ಗುರುವಿನ ಕೈಯಲ್ಲಿ ಬೆತ್ತವೂ ಬೈಬಲ್ಲೂ ಒಟ್ಟಿಗೆ ಇದ್ದಾಗ ಶಿಷ್ಯ ಯಾವುದಕ್ಕೆ ತಲೆಬಾಗಿದ ಎಂಬ ಪ್ರಶ್ನೆ ಏಳುವುದು ಸಹಜ.

ಅದೇ ಪ್ರಶ್ನೆ 2022ರ ಏಪ್ರಿಲಿನಲ್ಲಿ ರಿಚರ್ಡ್ಸ್ ಟೌನಿನ ಕ್ಲಾರೆನ್ಸ್ ಹೈಸ್ಕೂಲಿನಲ್ಲಿ ಎದ್ದಿತು. ಮಗು ಬೈಬಲ್ ತರುವುದಕ್ಕೆ ಆಕ್ಷೇಪವಿಲ್ಲವೆಂದು ಪ್ರವೇಶದ ಅರ್ಜಿಯಲ್ಲೇ ಪೋಷಕರ ಸಹಿ ಪಡೆಯುತ್ತಾರೆಂಬುದು ದೂರು. ದೂರಿದ ಸಂಘಟನೆಯ ರಾಜಕೀಯ ಏನೇ ಇರಲಿ, ವಿಷಯ ಸರಿಯಾದದ್ದೇ. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಯಾವ ಶಿಕ್ಷಣ ಸಂಸ್ಥೆಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಸಹಿ ಹಾಕದಿದ್ದರೆ ಸೀಟಿಲ್ಲ ಎಂಬ ಅಂಜಿಕೆಯಲ್ಲಿ ಬಿದ್ದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

ಗೆರೆ ಎಳೆಯಬೇಕಾದ ಜಾಗ ಇದೇ. ಹಾಸ್ಟೆಲಿನ ಕೋಣೆಯಲ್ಲಿ, ಕ್ಯಾಂಟೀನಿನಲ್ಲಿ ಸಹಪಾಠಿಯೊಬ್ಬ ಯೇಸುವಿನ ಮಾತು ತೆಗೆದರೆ ಕೇಳುವವಳು ನಕ್ಕು ಎದ್ದುಹೋಗಬಹುದು, ಜಗಳವಾಡಬಹುದು, ನಾಳೆ ಮತ್ತೆ ಬರಬಹುದು. ಇಂಟರ್ನಲ್ ಅಂಕ ಹಾಕುವ ಮೇಷ್ಟರು, ಹಾಜರಿ ಕೊಡುವ ವಿಭಾಗ, ಫೀಸು ಮಾಫಿ ಮಾಡುವ ಆಡಳಿತ ಮಂಡಳಿ ಅದೇ ಮಾತು ತೆಗೆದರೆ ಅವಳು ಎದ್ದುಹೋಗಲಾರಳು. 2022ರ ಕಾಯ್ದೆ ಈ ಎರಡನ್ನೂ ಕಲಸಿತು. ಧಾರ್ಮಿಕ ಸಂಸ್ಥೆಯ ಕಾಲೇಜಿನ ಉಚಿತ ಶಿಕ್ಷಣವನ್ನು ಆಮಿಷದ ಪಟ್ಟಿಗೆ ಸೇರಿಸಿ ಬಡವರ ಓದನ್ನೇ ಸಂಶಯಕ್ಕೆ ಈಡುಮಾಡಿತು. ಸಮಾನರ ನಡುವಿನ ಮಾತುಕತೆಯನ್ನೂ ಠಾಣೆಯ ಮೆಟ್ಟಿಲಿಗೆ ತಂದಿತು.

ವ್ಯಕ್ತಿತ್ವ ವಿಕಸನ ಶಿಬಿರ, ಉಚಿತ ಸ್ಪೋಕನ್ ಇಂಗ್ಲಿಷ್ ಎಂಬ ಬೋರ್ಡು ಹಾಕಿ ಒಳಗೆ ಬೋಧನೆ ಮಾಡುವವರು ಯಾವ ಧರ್ಮದವರಾದರೂ ಅವರಿಗೆ ಈ ವಾದದ ಆಸರೆ ಸಿಗಬಾರದು. ಬೈಬಲ್ ಅಧ್ಯಯನವಾದರೆ ಭಿತ್ತಿಪತ್ರದಲ್ಲಿ ಹಾಗೆಂದೇ ಬರೆಯಲಿ, ಸಂಘಟನೆಯ ಹೆಸರೂ ಇರಲಿ.

2023ರ ಜೂನ್ 15ರಂದು ಸಿದ್ದರಾಮಯ್ಯನವರ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಸದನಗಳು ಒಪ್ಪಿದ ಕಾನೂನನ್ನು ಸಂಪುಟದ ನಿರ್ಣಯ ಅಳಿಸದು. ಅದಕ್ಕೆ ರದ್ದತಿಯ ಮಸೂದೆ ಎರಡೂ ಸದನಗಳನ್ನು ದಾಟಬೇಕು. ಆ ಕೆಲಸ ಶಾಸಕರದು. ಕ್ರೈಸ್ತ ಆಡಳಿತ ಮಂಡಳಿಗಳಿಗೆ ಅಷ್ಟು ದೂರ ನಡೆಯುವ ಶ್ರಮವೂ ಇಲ್ಲ. ಚಾಪೆಲ್, ರಿಟ್ರೀಟ್, ಪ್ರಾರ್ಥನಾ ಕೂಟಗಳಿಗೆ ಬರುವುದು ಐಚ್ಛಿಕ, ಬಾರದವರ ಹಾಜರಿಗೂ ಅಂಕಕ್ಕೂ ಫೀಸಿಗೂ ಧಕ್ಕೆಯಿಲ್ಲ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪ್ರಾಸ್ಪೆಕ್ಟಸ್ಸಿನ ಮೊದಲ ಪುಟದಲ್ಲಿ ಅಚ್ಚು ಹಾಕಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಡ, ಮುಂದಿನ ಪ್ರವೇಶದ ಹಂಗಾಮಿಗೇ ಅದು ಆಗಬಹುದು.