ಡ್ರಾಯಿಂಗ್ ಸರಿಯಿತ್ತು, ಪಿನ್ ಹೋಗಲಿಲ್ಲ

ನಾವು ಮೂವರೂ ಮೆಕ್ಯಾನಿಕಲ್ ಇಂಜಿನಿಯರುಗಳು. ಕ್ಯಾಡ್‌ನಲ್ಲಿ ಏನು ಬೇಕಾದರೂ ಬರೆಯುತ್ತೇವೆ. ಆದರೆ ಕಳೆದ ಚಳಿಗಾಲದಲ್ಲಿ ಒಂದು ಬುಷ್ ಮುಂದೆ ಸೋತುಬಿಟ್ಟೆವು.

ಇಲ್ಲಿ ಜರ್ಮನಿಯಲ್ಲಿ ನಮ್ಮ ಮನೆ ಮಾಲೀಕರ ನೆಲಮಾಳಿಗೆಯಲ್ಲಿ ಹಳೇ ಲೇತ್ ಇದೆ, ಪಕ್ಕದಲ್ಲೇ ಅವರ ಚೆಕ್ ಜಾವಾ ಬೈಕು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಅಣ್ಣ. ನೋಡಿದ ಕೂಡಲೇ ಊರಿನವರು ಸಿಕ್ಕ ಹಾಗಾಯ್ತು! ಅದರ ಸ್ವಿಂಗ್ ಆರ್ಮ್ ಬುಷ್ ಸವೆದಿತ್ತು. ನಾವೇ ಮಾಡಿಕೊಡ್ತೀವಿ ಅಂದೆವು. ಫಾಸ್ಫರ್ ಬ್ರಾಂಜ್ ರಾಡ್ ತಂದು, ಪಿನ್ನಿಗೆ ಸರಿಯಾಗಿ ಬೋರ್ ಮಾಡಿ, ಒತ್ತಿ ಕೂರಿಸಿದೆವು. ಪಿನ್ ಒಳಗೇ ಹೋಗಲಿಲ್ಲ. ಸುತ್ತಿಗೆಯಲ್ಲಿ ಹೊಡೆದು ಬುಷ್ಷನ್ನೂ ಕೆಡಿಸಿದೆವು.

ಮೈಸೂರಲ್ಲಿ ಲೇತ್ ಇಟ್ಟಿರುವ ಗೆಳೆಯನ ಮಾವನಿಗೆ ಫೋನ್ ಮಾಡಿದೆವು. ಹತ್ತನೇ ಕ್ಲಾಸು ಓದಿದವರು. "ಬಿಗಿಯಾಗಿ ಒತ್ತಿದ್ರೆ ಬುಷ್ ಒಳಗಡೆ ಕುಗ್ಗತ್ತೆ ಕಣ್ರಪ್ಪಾ. ಒಂಚೂರು ಮೆಟಲ್ ಬಿಟ್ಟು ಬೋರ್ ಮಾಡಿ, ಕೂರಿಸಿದ ಮೇಲೆ ರೀಮರ್ ಹಾಕಿ" ಅಂದರು. ಇದೇ ಇಂಟರ್‌ಫೆರೆನ್ಸ್ ಫಿಟ್ ಲೆಕ್ಕಕ್ಕೆ ಪರೀಕ್ಷೆಯಲ್ಲಿ ನಾವು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆವು!

ಅಂಥವರನ್ನು ವರ್ಕ್‌ಶಾಪ್‌ನವರು ಅಂತ ಪಕ್ಕಕ್ಕಿಟ್ಟು, ನಾವು ಮಾತ್ರ ಇಂಜಿನಿಯರ್ ಅಂದ್ಕೊಂಡಿದ್ದೇವಲ್ಲ, ಅದು ತಪ್ಪು. ಸಿಮ್ಯುಲೇಷನ್ ಬೇಡ ಅಂತಲ್ಲ. ಆದರೆ ಡಿಗ್ರಿ ಕೈಗೆ ಬರುವ ಮುಂಚೆ ಪ್ರತಿಯೊಬ್ಬರೂ ಒಂದಾದರೂ ಪಾರ್ಟನ್ನು ತಮ್ಮ ಕೈಯಿಂದಲೇ ಮಾಡಿ, ಕೂರಿಸಿ ನೋಡಲೇಬೇಕು. ಕೆಡಿಸಿದರೂ ಪರವಾಗಿಲ್ಲ.

ಎರಡನೇ ಬುಷ್‌ನಲ್ಲಿ ಪಿನ್ ಹೆಬ್ಬೆರಳಲ್ಲಿ ಒತ್ತಿದರೆ ಹೋಗುತ್ತೆ. ಶನಿವಾರ ಲೇತ್ ಖಾಲಿ ಇರುತ್ತೆ, ಮಾಲೀಕರನ್ನು ಕೇಳಿದ್ದೇವೆ, ಬನ್ನಿ. ಸೇಫ್ಟಿ ಕನ್ನಡಕ ತನ್ನಿ. ಗ್ಲೌಸ್ ಮಾತ್ರ ಬೇಡ, ತಿರುಗೋ ಚಕ್ ಅದರ ಜೊತೆ ಬೆರಳನ್ನೂ ಎಳ್ಕೊಳ್ಳುತ್ತೆ.