ಗಲ್ಲದಲ್ಲಿ ಕೂತವರ ಕೈಗೂ ಕಾಳಜಿ ಬೇಕು



ಪ್ಲಾಸ್ಟಿಕ್ ಎಂದ ಕೂಡಲೇ ನಾವು ಪಾರ್ಸೆಲ್ ಡಬ್ಬ, ಕೈಚೀಲಗಳ ಮಾತೆತ್ತುತ್ತೇವೆ. ಪ್ಲಾಸ್ಟಿಕ್ ತಯಾರಿಕೆಯ ಒಂದು ರಾಸಾಯನಿಕ ನಮ್ಮ ಗಲ್ಲದ ಬಿಲ್ ಕಾಗದದಲ್ಲೂ ಇರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅದರ ಹೆಸರು ಬಿಸ್ಫಿನಾಲ್-ಎ, ಚುಟುಕಾಗಿ ಬಿಪಿಎ.

ಇದನ್ನು ಮೊದಲು ತಯಾರಿಸಿದವರು ರಷ್ಯದ ವಿಜ್ಞಾನಿ ಅಲೆಕ್ಸಾಂಡರ್ ಡಯಾನಿನ್, 1891ರಲ್ಲಿ. ಫಿನಾಲ್ ಮತ್ತು ಅಸಿಟೋನ್ ಸೇರಿಸಿ ಇದನ್ನು ಮಾಡುತ್ತಾರೆ. ಹೆಸರಿನ ಕೊನೆಯ 'ಎ' ಅಸಿಟೋನಿನದು. 1930ರ ದಶಕದಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಇದು ದೇಹದಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆಂದು ತೋರಿಸಿದರು. 1953ರಲ್ಲಿ ಜರ್ಮನಿ ಮತ್ತು ಅಮೆರಿಕದಲ್ಲಿ ಪ್ರತ್ಯೇಕವಾಗಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಕಂಡುಹಿಡಿದ ಮೇಲೆ ಇದಕ್ಕೆ ಭಾರೀ ಬೇಡಿಕೆ ಬಂತು. ಗಾಜಿನಂತೆ ಹೊಳೆಯುವ ಗಟ್ಟಿ ನೀರಿನ ಜಾರ್‌ಗಳು, ತಗಡಿನ ಡಬ್ಬಿಗಳ ಒಳಲೇಪ, ಎಲ್ಲದರಲ್ಲೂ ಬಿಪಿಎ ಬಳಕೆಯಾಯಿತು.

ಪ್ಲಾಸ್ಟಿಕ್‌ನಲ್ಲಿ ಬಿಪಿಎ ಬಹುಪಾಲು ಕಟ್ಟಿಹಾಕಿದಂತೆ ಇರುತ್ತದೆ. ಬಿಲ್ಲಿನ ಥರ್ಮಲ್ ಕಾಗದದಲ್ಲಿ ಹಾಗಲ್ಲ, ಮೇಲೆ ಸವರಿದ ಪುಡಿಯಂತೆ ಬಿಡಿಯಾಗಿರುತ್ತದೆ. ಯಂತ್ರದ ಬಿಸಿ ತಾಗಿದಾಗ ಬಣ್ಣದೊಡನೆ ಕೂಡಿ ಅಕ್ಷರ ಮೂಡಿಸುವುದೇ ಅದರ ಕೆಲಸ. ಮುಟ್ಟಿದರೆ ಕೈಗೆ ಹತ್ತುತ್ತದೆ. ಕೈ ಜಿಡ್ಡಾಗಿದ್ದರೆ, ಸ್ಯಾನಿಟೈಸರ್‌ನಿಂದ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು.

ಗಿರಾಕಿ ಬಿಲ್ಲನ್ನು ಒಂದು ನಿಮಿಷ ಹಿಡಿದು ಹೋಗುತ್ತಾನೆ. ನಮ್ಮ ಕ್ಯಾಷಿಯರ್ ಬೆಳಗಿನ ಇಡ್ಲಿಯಿಂದ ರಾತ್ರಿ ಊಟದವರೆಗೆ ಅದನ್ನೇ ಹರಿಯುತ್ತಾನೆ. ಕೆಓಟಿ ಚೀಟಿಯಂತೂ ನೇರ ಅಡುಗೆ ಭಟ್ಟರ ಕೈಗೆ ಹೋಗುತ್ತದೆ.

"ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎನ್ನುವವರಿದ್ದಾರೆ. ಎಷ್ಟು ಪ್ರಮಾಣದಿಂದ ಹಾನಿ ಎಂಬುದರಲ್ಲಿ ವಿಜ್ಞಾನಿಗಳಿಗೂ ಒಮ್ಮತವಿಲ್ಲ, ನಿಜ. ಆದರೆ ಭಾರತೀಯ ಮಾನಕ ಬ್ಯೂರೋ 2015ರಲ್ಲೇ ಮಕ್ಕಳ ಹಾಲಿನ ಬಾಟಲಿಗಳಿಗೆ ಇದು ಬೇಡವೆಂದಿತು. ಯುರೋಪ್ 2020ರ ಜನವರಿಯಿಂದ ಬಿಲ್ ಕಾಗದದಲ್ಲಿ ಇದನ್ನು ನಿರ್ಬಂಧಿಸಿದೆ. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಸುರಕ್ಷಿತ ಮಿತಿಯನ್ನು 20,000 ಪಟ್ಟು ತಗ್ಗಿಸಿತು. ಹೀಗಿರುವಾಗ ನಾವು ಕೈಕಟ್ಟಿ ಕೂರುವುದು ಸರಿಯಲ್ಲ.

ಒಬ್ಬ ಮಾಲೀಕ ಕೇಳಿದರೆ ರೋಲ್ ಮಾರುವವ ನಕ್ಕು ಸುಮ್ಮನಾಗುತ್ತಾನೆ. ಸಂಘವೇ ಒಟ್ಟಾಗಿ ಖರೀದಿಗೆ ನಿಂತರೆ ಕೇಳಲೇಬೇಕು. "ಬಿಪಿಎ ಇಲ್ಲ" ಎಂಬ ಚೀಟಿಯನ್ನಷ್ಟೇ ನಂಬಬಾರದು. ಅದರ ಬದಲಿಗೆ ಬಿಸ್ಫಿನಾಲ್-ಎಸ್ ಎಂಬ ಅದರದೇ ದಾಯಾದಿ ಇರಬಹುದು. ಯಾವ ಬಿಸ್ಫಿನಾಲೂ ಇಲ್ಲದ ಕಾಗದವೆಂದು ಬರೆಸಿಕೊಳ್ಳಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ಕೆಓಟಿಗೆ ಸಾದಾ ಕಾಗದದ ಪ್ರಿಂಟರ್ ಇಡೋಣ. ಪಾರ್ಸೆಲ್‌ನಲ್ಲಿ ಬಿಲ್ಲು ತಿಂಡಿಗೆ ತಾಗದಂತೆ ನೋಡೋಣ. ಗಲ್ಲದಿಂದ ಎದ್ದವರು ಸೋಪು ಹಾಕಿ ಕೈತೊಳೆದೇ ಊಟಕ್ಕೆ ಕೂರಲಿ. ಬಸುರಿ ಹೆಣ್ಣುಮಕ್ಕಳನ್ನು ಬಿಲ್ಲಿಂಗ್‌ಗೆ ಕೂರಿಸುವುದು ಬೇಡ.

ಗಿರಾಕಿಯ ತಟ್ಟೆ ಶುಚಿಯಾಗಿರಬೇಕೆಂದು ನಾವು ಹಟ ಹಿಡಿಯುತ್ತೇವೆ. ನಮ್ಮನ್ನೇ ನಂಬಿ ಊರು ಬಿಟ್ಟು ಬಂದ ಹುಡುಗರ ಆರೋಗ್ಯಕ್ಕೂ ಅಷ್ಟೇ ಹಟ ಇರಲಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನಮ್ಮ ವಿನಂತಿ.